ನಡುವಿನ ಊರಿನ ಕಡತ

ಇದೆಲ್ಲ ಶುರುವಾದದ್ದು ಹಾಜರಿ ಪುಸ್ತಕದ ಜಗಳದಿಂದ. ಎಂ.ಎ. ಇತಿಹಾಸದ ಕೊನೆಯ ಸೆಮಿಸ್ಟರು. ಬೆಳಗಿನ ಮೊದಲ ಪೀರಿಯಡ್ಡಿಗೆ ಗುಬ್ಬಿಯ ಹುಡುಗಿ ದಿನವೂ ನನಗಿಂತ ಮುಂಚೆ ಬಂದು ಕೂತಿರುತ್ತಿದ್ದಳು. ಕುಣಿಗಲ್ಲಿನ ಹುಡುಗ ಮಾತ್ರ ಬಸ್ಸಿನಿಂದ ಇಳಿದು ಓಡಿ ಬಂದು, ಅರ್ಧ ಪಾಠ ಮುಗಿದ ಮೇಲೆ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಲ್ಲುತ್ತಿದ್ದ. ಒಂದು ದಿನ ರೇಗಿದೆ. ಅವನು ತಲೆ ತಗ್ಗಿಸಿಕೊಂಡೇ ಹೇಳಿದ: “ಅವ್ರೂರಿಗೆ ಬ್ರಿಟಿಷರ ಕಾಲದಿಂದ ರೈಲೈತೆ ಮೇಡಂ. ನಮ್ಮೂರಿಗೆ ಮೊನ್ನೆ ಮೊನ್ನೆ ಬಂತು. ಬಂದ್ರೂ ಅದು ತುಮಕೂರಿಗೆ ಬರಲ್ಲ.”

ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ, ಅಷ್ಟು ಚೊಕ್ಕವಾದ ಸಂಶೋಧನಾ ಪ್ರಶ್ನೆಯನ್ನು ಆ ವರ್ಷ ಯಾರೂ ನನ್ನ ಮುಂದೆ ಇಟ್ಟಿರಲಿಲ್ಲ. ಕಿರುಪ್ರಬಂಧಕ್ಕೆ ವಿಷಯ ಕೊಡಿ ಎಂದು ಎಲ್ಲರೂ ನನ್ನ ಹಿಂದೆ ಬಿದ್ದಿದ್ದ ಕಾಲ ಅದು. ಒಂದೇ ಜಿಲ್ಲೆ, ಅಕ್ಕಪಕ್ಕದ ತಾಲ್ಲೂಕು. ಗುಬ್ಬಿಗೆ ರೈಲು ಬಂದದ್ದು 1884–85ರ ಹೊತ್ತಿಗೆ, ಕುಣಿಗಲ್ಲಿಗೆ 2017ರಲ್ಲಿ. ನಡುವೆ 130 ವರ್ಷಕ್ಕೂ ಮೀರಿದ ಅಂತರ. “ಅದನ್ನೇ ಬರೀರಿ ಇಬ್ಬರೂ” ಎಂದೆ. “ನೀನು ನಿಮ್ಮೂರಿಗೆ ಯಾಕೆ ಬಂತು ಅಂತ ಬರಿ. ನೀನು ನಿಮ್ಮೂರಿಗೆ ಯಾಕೆ ಬರಲಿಲ್ಲ ಅಂತ ಬರಿ. ಮತ್ತೆ ಅದು ಬ್ರಿಟಿಷರ ಕಾಲ ಅಲ್ಲ, 1881ರಲ್ಲೇ ರಾಜ್ಯ ಒಡೆಯರಿಗೆ ವಾಪಸ್ಸು ಬಂದಿತ್ತು. ಮೊದಲು ಅದನ್ನ ತಿದ್ದಿಕೋ.”

ಎಲ್ಲಿ ಹುಡುಕುವುದು ಎಂಬ ಪ್ರಶ್ನೆಗೆ ಇಬ್ಬರೂ ಒಂದೇ ಉಸಿರಿಗೆ “ರೈಲ್ವೆ ಆಫೀಸು” ಎಂದರು. ನಾನು ವಿಧಾನಮಂಡಲದ ಗ್ರಂಥಾಲಯ ಎಂದೆ. ರೈಲ್ವೆಯವರ ಹತ್ತಿರ ಹಳಿ ಎಲ್ಲಿ ಹೋಯಿತು ಎಂಬುದು ಸಿಗುತ್ತದೆ. ಯಾಕೆ ಹೋಯಿತು, ದುಡ್ಡು ಎಲ್ಲಿಂದ ಬಂತು, ಯಾರು ಯಾರಿಗೆ ಮಾತು ಕೊಟ್ಟರು ಎಂಬುದು ಸಿಗಬೇಕಾದರೆ ಸಭೆಯ ನಡವಳಿಗಳನ್ನೇ ತೆಗೆಯಬೇಕು. ನಮ್ಮ ಪುಣ್ಯಕ್ಕೆ ಮೈಸೂರು ಸೀಮೆಯಲ್ಲಿ ಅಂಥ ಸಭೆಯೂ ಇತ್ತು, ಅದರ ಕಾಗದವೂ ಉಳಿದಿದೆ.

ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಕಾಲೇಜು ಹುಡುಗರನ್ನು ಸಂಸತ್ತಿಗೇ ಕಳಿಸಿ, ಸದಸ್ಯರಿಗಾಗಿ ಮೇಲ್ವಿಚಾರಣೆಯಲ್ಲಿ ಒಂದು ಸಂಶೋಧನಾ ವರದಿ ಬರೆಸುವ ಪದ್ಧತಿ ಇದೆ. ದೆಹಲಿಯಲ್ಲೂ 2010ರಿಂದ ಯುವಕರನ್ನು ಆರಿಸಿ ಒಬ್ಬೊಬ್ಬ ಸಂಸದರ ಜೊತೆ ಹತ್ತಿರ ಹತ್ತಿರ ಒಂದು ವರ್ಷ ಕೂರಿಸುವ ಫೆಲೋಶಿಪ್ಪು ನಡೆಯುತ್ತಿದೆ. ನಮ್ಮ ಹುಡುಗರಿಗೆ ಇರುವ ಏರ್ಪಾಡು ಇಷ್ಟೇ: ಗೈಡಿನ ಒಂದು ಪತ್ರ, ವಿಭಾಗದ ಮುಖ್ಯಸ್ಥರ ಒಂದು ಸೀಲು, ಮಧ್ಯಾಹ್ನದ ಬುತ್ತಿ. ಪತ್ರವೇನು ಸುಮ್ಮನೆ ಕೆಲಸ ಮಾಡಲಿಲ್ಲ. ಬೇರೊಂದು ಕಚೇರಿಗೆ ಬರೆದ ಪತ್ರ ಮೂರು ವಾರ ಮೇಜಿನಿಂದ ಮೇಜಿಗೆ ಅಲೆದು, “ಯಾವ ಪುಸ್ತಕ, ಯಾವ ಪುಟ ಬೇಕೆಂದು ನಮೂದಿಸಿ” ಎಂಬ ಷರಾದೊಂದಿಗೆ ನನ್ನ ಬಳಿಗೇ ಮರಳಿತು. ಪುಟ ಗೊತ್ತಿದ್ದರೆ ನಾವು ಯಾಕೆ ಬರುತ್ತಿದ್ದೆವು ಎಂದು ಬರೆಯಲು ಕೈ ತುಡಿಯಿತು. ಬರೆಯಲಿಲ್ಲ. ಇನ್ನೊಂದು ಪತ್ರ ಬರೆದೆ.

ಕೊನೆಗೂ ಒಂದು ಬೆಳಿಗ್ಗೆ ಹೊರಟೆವು. ಗುಬ್ಬಿಯಿಂದ ಬಂದ ರೈಲಿಗೆ ನಾನು ತುಮಕೂರಿನಲ್ಲಿ ಹತ್ತಿದೆ. ಹುಡುಗಿ ಕಿಟಕಿ ಪಕ್ಕ ನನಗಾಗಿ ಜಾಗ ಹಿಡಿದಿದ್ದಳು. ಹುಡುಗ ಕುಣಿಗಲ್ಲಿನಿಂದ ತನ್ನ ರೈಲಿನಲ್ಲಿ ಬಂದು ವಿಧಾನಸೌಧದ ಗೇಟಿನ ಹತ್ತಿರ ಕಾಯುತ್ತಿದ್ದ. “ಬೆಂಗಳೂರಿಗಾದ್ರೆ ನಾನೂ ರೈಲ್ನಲ್ಲೇ ಬರೋದು ಮೇಡಂ” ಎಂದ, ಗತ್ತಿನಿಂದ.

ವಿಧಾನಸೌಧದ ಒಳಗೆ ಅವರಿಬ್ಬರೂ ಕಾಲಿಟ್ಟದ್ದು ಅದೇ ಮೊದಲು. 1951ರಲ್ಲಿ ನೆಹರೂ ಶಂಕುಸ್ಥಾಪನೆ ಮಾಡಿದ, ಕೆಂಗಲ್ ಹನುಮಂತಯ್ಯನವರು ಹಟ ಹಿಡಿದು 1956ಕ್ಕೆ ನಿಲ್ಲಿಸಿದ ಕಟ್ಟಡ. ಹೊರಗಿನಿಂದ ಕಾಣುವ ಕಲ್ಲಿನ ಗಾಂಭೀರ್ಯ ಒಳಗೆ ಹೋದಂತೆ ಕರಗಿ, ಫೈಲು ಹೊತ್ತವರು, ಚಹಾ ತಟ್ಟೆ ಹಿಡಿದವರು, ಅರ್ಜಿ ಹಿಡಿದು ಗೋಡೆಗೆ ಒರಗಿದವರು ಕಾಣುತ್ತಾರೆ. ಪಾಸು ತೋರಿಸಿ, ಬ್ಯಾಗು ಒಪ್ಪಿಸಿ, ರಿಜಿಸ್ಟರಿನಲ್ಲಿ ಸಹಿ ಹಾಕಿ ಕುಳಿತ ಮೇಲೆ ಇಬ್ಬರ ಕೈಗೂ ಒಂದೊಂದು ಕಟ್ಟು ಖಾಲಿ ಚೀಟಿ ಕೊಟ್ಟೆ. ಒಂದು ಚೀಟಿಗೆ ಒಂದೇ ಸಂಗತಿ. ಏನು ಸಿಕ್ಕಿತು, ಎಲ್ಲಿ ಸಿಕ್ಕಿತು, ಯಾವ ಪುಟ, ಯಾರು ಯಾರಿಗೆ ಹೇಳಿದ್ದು. ಕೊನೆಯದನ್ನೇ ಹುಡುಗರು ಮರೆಯುವುದು. ದಿವಾನರು ಸಭೆಗೆ ಹೇಳಿದ ಮಾತಿಗೂ ಅದೇ ದಿವಾನರು ಬ್ರಿಟಿಷ್ ರೆಸಿಡೆಂಟನಿಗೆ ಬರೆದ ಮಾತಿಗೂ ಅಜಗಜಾಂತರ ಇರಬಹುದು.

ಮೊದಲು ಮೇಜಿಗೆ ಬಂದದ್ದು ಪ್ರಜಾಪ್ರತಿನಿಧಿ ಸಭೆಯ ಮುಂದೆ ದಿವಾನರು ಮಾಡಿದ ಭಾಷಣಗಳ ಸಂಪುಟ. ಬೆಂಗಳೂರಿನ ಸರ್ಕಾರಿ ಮುದ್ರಣಾಲಯ 1914ರಲ್ಲಿ ಅಚ್ಚು ಹಾಕಿದ್ದು. ಹಾಳೆ ತಿರುವಿದರೆ ಅಂಚು ಪುಡಿಯಾಗುತ್ತದೆ. ಹುಡುಗಿ ಉಸಿರು ಬಿಗಿಹಿಡಿದು ತಿರುವುತ್ತಿದ್ದಳು.

ಸಭೆ ಮೊದಲ ಸಲ ಸೇರಿದ್ದು 1881ರ ಅಕ್ಟೋಬರ್ 7ರಂದು, ಮೈಸೂರಿನಲ್ಲಿ, ದಸರೆಯ ಹೊತ್ತಿಗೆ. ಕರೆದವರು ದಿವಾನ್ ಸಿ. ರಂಗಾಚಾರ್ಲು. ಬಂದವರು 144 ಮಂದಿ, ತಾಲ್ಲೂಕುಗಳ ಜಮೀನುದಾರರು, ಜಿಲ್ಲೆಗಳ ವ್ಯಾಪಾರಸ್ಥರು. ಚುನಾವಣೆ ಇಲ್ಲ, ಅದು ಬಂದದ್ದು 1891ರಲ್ಲಿ. ಓಟು ಹಾಕಿ ಏನನ್ನೂ ತಡೆಯುವ ಹಕ್ಕೂ ಇಲ್ಲ. ಸರ್ಕಾರ ವರ್ಷದ ಲೆಕ್ಕ ಹೇಳುತ್ತದೆ, ಇವರು ಕೇಳಿಸಿಕೊಂಡು ತಮ್ಮ ಕಡೆಯ ಅಹವಾಲು ಹೇಳುತ್ತಾರೆ. “ಇದನ್ನ ಸಂಸತ್ತು ಅನ್ನಬಹುದಾ ಮೇಡಂ?” ಎಂದು ಹುಡುಗ ಕೇಳಿದ. ಅನ್ನಬೇಡ ಎಂದೆ. ಆದರೆ ಭಾರತದಲ್ಲಿ ಬೇರೆಲ್ಲೂ ಒಂದು ಸಂಸ್ಥಾನ ತನ್ನ ರೈತರನ್ನು ಕೂರಿಸಿಕೊಂಡು ಖಜಾನೆಯ ಲೆಕ್ಕ ಒಪ್ಪಿಸುವುದು ಆ ಕಾಲಕ್ಕೆ ರೂಢಿಯಲ್ಲಿರಲಿಲ್ಲ ಎಂಬುದನ್ನೂ ಬರಿ.

ಆ ಲೆಕ್ಕದ ಮೇಲೆಲ್ಲ ಬರದ ನೆರಳು. 1876ರಿಂದ 78ರ ತನಕದ ಮಹಾಕ್ಷಾಮ ಮುಗಿದು ನಾಲ್ಕು ವರ್ಷವೂ ಆಗಿರಲಿಲ್ಲ. 1871ರಲ್ಲಿ 50 ಲಕ್ಷಕ್ಕೆ ಮೇಲಿದ್ದ ಮೈಸೂರಿನ ಜನಸಂಖ್ಯೆ 1881ರ ಎಣಿಕೆಯಲ್ಲಿ 42 ಲಕ್ಷದ ಒಳಗಿತ್ತು. ಬೆಳೆಯಬೇಕಾದ ಹತ್ತು ವರ್ಷದಲ್ಲಿ ಎಂಟು ಲಕ್ಷಕ್ಕೂ ಮಿಕ್ಕಿದ ಜನ ಕಡಿಮೆ. ರಾಜ್ಯದ ತಲೆಯ ಮೇಲೆ 80 ಲಕ್ಷ ರೂಪಾಯಿ ಕ್ಷಾಮದ ಸಾಲ. ಮದರಾಸಿನಿಂದ ಬೆಂಗಳೂರಿಗೆ 1864ರಲ್ಲೇ ರೈಲು ಬಂದಿತ್ತು, ಕ್ಷಾಮದಲ್ಲಿ ಧಾನ್ಯವೂ ಬಂತು. ಬಂದದ್ದು ಬೆಂಗಳೂರಿನ ತನಕ. ಅಲ್ಲಿಂದ ಮುಂದೆ ಗಾಡಿಯಲ್ಲಿ ಹೇರಬೇಕು, ಎತ್ತಿಗೆ ಮೇವಿಲ್ಲ, ಎತ್ತುಗಳೇ ಸತ್ತಿವೆ. ತುಮಕೂರು, ಚಿತ್ರದುರ್ಗದ ಬಯಲುಸೀಮೆಗೆ ಧಾನ್ಯ ಮುಟ್ಟುವುದು ಹೇಗೆ? ಇದನ್ನು ತಲೆಯಲ್ಲಿಟ್ಟುಕೊಂಡು ಓದಿದರೆ ಆಗಿನ ಆಡಳಿತ ಇಷ್ಟು ಸಾಲದ ನಡುವೆಯೂ ಹಳಿ ಹಾಕಲು ಯಾಕೆ ಹಟ ಹಿಡಿಯಿತು ಎಂಬುದು ತಿಳಿಯುತ್ತದೆ. ಬೆಂಗಳೂರು–ಮೈಸೂರು ಹಳಿ 1882ರಲ್ಲಿ ಮುಗಿಯಿತು. ರಂಗಾಚಾರ್ಲು 1883ರ ಜನವರಿಯಲ್ಲಿ ತೀರಿಕೊಂಡರು. ಕೆ. ಶೇಷಾದ್ರಿ ಅಯ್ಯರ್ ದಿವಾನರಾದರು. 1884ರಲ್ಲಿ ತುಮಕೂರಿಗೆ ರೈಲು ಬಂತು, ಅಲ್ಲಿಂದ ಗುಬ್ಬಿಗೆ.

ಅಲ್ಲೇ ಹುಡುಗಿ ಒಂದು ಸಂಖ್ಯೆಗೆ ಸಿಕ್ಕಿಬಿದ್ದಳು. ಮೈಸೂರು ಸರ್ಕಾರ ತನ್ನ ಕೈಯಿಂದ ಕಟ್ಟಿಸಿದ ರೈಲುದಾರಿ ಒಟ್ಟು 140 ಮೈಲಿ. ಯಾವ್ಯಾವುದು ಸೇರಿ 140? ಚೀಟಿಯ ಹಿಂದೆ ಕೂಡಿದಳು: ಬೆಂಗಳೂರು–ಮೈಸೂರು 86, ಬೆಂಗಳೂರು–ತುಮಕೂರು 43, ತುಮಕೂರು–ಗುಬ್ಬಿ 11. ತಾಳೆಯಾಯಿತು. “ಅಂದ್ರೆ ಗುಬ್ಬಿಗೇ ನಿಂತುಹೋಗಿತ್ತಾ ಮೇಡಂ? ಮುಂದಕ್ಕೆ ಇರಲಿಲ್ವಾ?” ಇರಲಿಲ್ಲ. ಕೆಲವು ವರ್ಷ ಆ ದಿಕ್ಕಿನ ಕೊನೆಯ ನಿಲ್ದಾಣ ಗುಬ್ಬಿಯೇ. ಅಡಿಕೆ, ಕೊಬ್ಬರಿಯ ಸಂತೆಗೆ ಹೆಸರಾದ ಊರಿನಲ್ಲಿ ರೈಲು ಬಂದು ನಿಂತು, ಎಂಜಿನ್ನು ತಿರುಗಿಸಿಕೊಂಡು ಹೋಗುತ್ತಿತ್ತು. 1886ರಲ್ಲಿ ಸರ್ಕಾರ ಈ 140 ಮೈಲಿಯನ್ನೂ ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ‘ಹೈಪಾಥಿಕೇಟ್’ ಮಾಡಿತು. ಹುಡುಗಿ ನಿಘಂಟು ನೋಡಿ ಚೀಟಿಯಲ್ಲಿ ಬರೆದಳು: “ರೈಲನ್ನು ಅಡವಿಟ್ಟರು.” ಇದಕ್ಕಿಂತ ಒಳ್ಳೆಯ ಅನುವಾದ ನನಗೆ ಹೊಳೆಯಲಿಲ್ಲ. ಮನೆಯ ಚಿನ್ನ ಅಡವಿಟ್ಟು ಮನೆಗೆ ಇನ್ನೊಂದು ಅಂಕಣ ಎಬ್ಬಿಸಿದ ಹಾಗೆ, ಆ ಹಳಿಯನ್ನು ಒತ್ತೆ ಇಟ್ಟು ಕಂಪನಿಯವರಿಂದ ಗುಬ್ಬಿಯ ಮುಂದಕ್ಕೆ ಹರಿಹರದ ತನಕ ಹಾಕಿಸಿದರು. 1889ಕ್ಕೆ ಅದು ಮುಗಿಯಿತು.

ಅವಳಿಗೆ ಇನ್ನೊಂದು ಆಮಿಷವೂ ಎದುರಾಯಿತು. ಗುಬ್ಬಿ ವೀರಣ್ಣನವರಿಂದ ನಾಡಿಗೇ ಹೆಸರಾದ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿದ್ದೂ 1884ರಲ್ಲೇ. “ರೈಲು ಬಂದದ್ದರಿಂದಲೇ ನಾಟಕ ಕಂಪನಿ ಹುಟ್ಟಿತು ಅಂತ ಬರೀಲಾ?” ಎಂದು ಕಣ್ಣರಳಿಸಿದಳು. ಪರದೆ, ಪೆಟ್ಟಿಗೆ, ಪಾತ್ರಧಾರಿಗಳನ್ನೆಲ್ಲ ಹೇರಿಕೊಂಡು ಊರೂರು ಸುತ್ತುವ ಕಂಪನಿಗೆ ರೈಲು ಆಮೇಲೆ ಅನುಕೂಲವಾಗಿರಲೇಬೇಕು. ಆದರೆ ಎರಡು ಸಂಗತಿ ಒಂದೇ ವರ್ಷದಲ್ಲಿ ನಡೆದವು ಎಂಬ ಮಾತ್ರಕ್ಕೆ ಒಂದನ್ನು ಇನ್ನೊಂದರ ಅಪ್ಪ ಮಾಡಕೂಡದು. ಎರಡನ್ನೂ ಒಂದೇ ಪ್ಯಾರಾದಲ್ಲಿ ಇಡು, ನಡುವೆ ‘ಆದ್ದರಿಂದ’ ಹಾಕಬೇಡ ಎಂದೆ. ಮುಖ ಊದಿಸಿಕೊಂಡಳು.

ಇತ್ತ ಹುಡುಗನ ಚೀಟಿಗಳು ಖಾಲಿ. ಸಂಪುಟದ ಮೇಲೆ ಸಂಪುಟ ತರಿಸುತ್ತಾನೆ, ಹಿಂದಿನ ಸೂಚಿಯಲ್ಲಿ ತನ್ನ ಊರು ಹುಡುಕುತ್ತಾನೆ, ಮುಚ್ಚುತ್ತಾನೆ. ಕುಣಿಗಲ್ಲು ಸರ್ಕಾರಿ ಕಾಗದಕ್ಕೆ ಅಪರಿಚಿತ ಊರೇನಲ್ಲ. ಕೆರೆ ಎಂದರೆ ಕುಣಿಗಲ್ಲು, ಅದರ ಮೇಲೆ ಕಟ್ಟಿದ ಜನಪದ ಹಾಡು ಕನ್ನಡದ ಮನೆಮನೆಗೆ ಗೊತ್ತು. ಕುದುರೆ ಎಂದರೂ ಕುಣಿಗಲ್ಲು, ಟಿಪ್ಪುವಿನ ಕಾಲಕ್ಕೆ ಬೇರು ಚಾಚುವ ಅಲ್ಲಿನ ಕುದುರೆ ಫಾರಂ ರೇಸಿನವರಿಗೆಲ್ಲ ಗೊತ್ತು. “ಕೆರೆ ಐತೆ, ಕುದ್ರೆ ಐತೆ, ರೈಲೊಂದು ಬಿಟ್ಟು ಎಲ್ಲಾ ಐತೆ ಮೇಡಂ” ಎಂದು ಎರಡನೆಯ ದಿನ ಸಂಜೆ ಚೀಟಿಕಟ್ಟು ಮೇಜಿಗೆ ಎಸೆದ.

ಆಗ ಪಕ್ಕದಲ್ಲಿ ಸಂಪುಟ ಜೋಡಿಸುತ್ತಿದ್ದ ಹಿರಿಯ ಸಿಬ್ಬಂದಿಯೊಬ್ಬರು ತಿರುಗಿ ನೋಡಿದರು. “ಊರ ಹೆಸರು ಹಿಡ್ಕೊಂಡು ಹುಡುಕಿದ್ರೆ ರೈಲು ಸಿಗಲ್ಲ ಕಣಪ್ಪ. ಎಲ್ಲಿ ಹೊರಡ್ತು, ಎಲ್ಲಿ ನಿಲ್ತು, ಆ ಎರಡು ಹೆಸರು ಹಿಡ್ಕೋ.”

ಇಪ್ಪತ್ತು ವರ್ಷ ಪಾಠ ಮಾಡಿದ ನನಗೂ ಈ ಮಾತು ಹೊಳೆದಿರಲಿಲ್ಲ. ರೈಲುದಾರಿಗೆ ಹೆಸರಿಡುವುದು ಅದರ ಎರಡು ತುದಿಗಳಿಂದ. ಬೆಂಗಳೂರು–ಮೈಸೂರು, ಬೆಂಗಳೂರು–ಹರಿಹರ. ನಡುವೆ ಐವತ್ತು ಊರಿದ್ದರೂ ಕಡತದ ಮೇಲೆ ಇರುವುದು ಎರಡೇ. ಗುಬ್ಬಿಗೂ ಕಾಗದದಲ್ಲಿ ಹೆಸರಿದ್ದದ್ದು ಅದು ತುದಿಯಾಗಿದ್ದಷ್ಟು ದಿನ. ಹಳಿ ಹರಿಹರ ಮುಟ್ಟಿದ ಮೇಲೆ ಗುಬ್ಬಿಯೂ ನಡುವಿನ ಊರಾಯಿತು. ಕುಣಿಗಲ್ಲು ಎಂದೂ ತುದಿಯಾಗಲಿಲ್ಲ. ಅದು ಬೆಂಗಳೂರಿನಿಂದ ಹಾಸನದ ಮೇಲೆ ಮಂಗಳೂರಿಗೆ ಹೋಗುವ ಹೆದ್ದಾರಿಯ ನಡುವಿನ ಊರು. ಅಂದರೆ ಹುಡುಕಬೇಕಾದ ಹೆಸರು ಹಾಸನ.

ಹಾಸನ ಎಂದು ಹುಡುಕತೊಡಗಿದ ಮೇಲೆ ಕುಣಿಗಲ್ಲಿನ ಕಥೆ ನಿಧಾನವಾಗಿ ಮೈದೋರಿತು. 1918ರ ಹೊತ್ತಿಗೆ ಮೈಸೂರಿನಿಂದ ಹಾಸನದ ಮೇಲೆ ಅರಸೀಕೆರೆಗೆ ರೈಲು ಬಂತು. ಅರಸೀಕೆರೆಯಾದರೋ ಬೆಂಗಳೂರು–ಹರಿಹರ ದಾರಿಯಲ್ಲೇ ಇದೆ. ಹಾಸನದವರು ಬೆಂಗಳೂರಿಗೆ ಹೋಗಬೇಕಾದರೆ ಅರಸೀಕೆರೆಗೆ ಹೋಗಿ, ತಿಪಟೂರು, ಗುಬ್ಬಿ, ತುಮಕೂರಿನ ಮೇಲೆ ಸುತ್ತಿಕೊಂಡು ಹೋಗಬಹುದು. ಸುತ್ತಾದರೂ ದಾರಿ ಇದೆ. ದಾರಿ ಇರುವ ಊರಿಗೆ ಇನ್ನೊಂದು ನೇರ ದಾರಿ ಹಾಕಿ ಎಂದರೆ ಯಾವ ಖಜಾನೆಯೂ ಕೈ ಹಿಂದೆಗೆಯುತ್ತದೆ. ನನ್ನ ತೀರ್ಮಾನ ಇಷ್ಟು: ಕುಣಿಗಲ್ಲಿನ ರೈಲನ್ನು ತಡೆದದ್ದು ಯಾರ ದ್ವೇಷವೂ ಅಲ್ಲ, ಅರಸೀಕೆರೆ. ಇನ್ನೂ ಬಿಡಿಸಿ ಹೇಳಿದರೆ, ಗುಬ್ಬಿಯ ಮೇಲೆ ಹೋದ ಅದೇ ಹಳಿ. ಇದನ್ನು ಕೇಳಿ ಹುಡುಗಿ ಗೆದ್ದವಳಂತೆ ನಕ್ಕಳು. “ನಿಮ್ಮಿಂದಲೇ ಆಗಿದ್ದು” ಎಂದು ಹುಡುಗ ಅವಳ ಕಡೆ ಬೆರಳು ತೋರಿಸಿದ.

ಹೆಸರಿನ ಕಾಟ ಅಲ್ಲಿಗೇ ಮುಗಿಯಲಿಲ್ಲ. ಹುಡುಗಿ ಒಂದು ಅಧ್ಯಾಯದ ಕರಡಿನಲ್ಲಿ, ಪ್ರಜಾಪ್ರತಿನಿಧಿ ಸಭೆಯ ಆರಂಭದ ವರ್ಷಗಳಲ್ಲಿ ತುಮಕೂರು ಜಿಲ್ಲೆಯ ಪ್ರಭಾವ ಇದ್ದಕ್ಕಿದ್ದಂತೆ ಏರಿತು ಎಂದು ಬರೆದು ತಂದಳು. ಪಟ್ಟಿಯಲ್ಲಿ ತುಮಕೂರಿನ ಕೆಳಗೆ ತಾಲ್ಲೂಕುಗಳು ಹೆಚ್ಚಾಗಿದ್ದವಂತೆ. ಯಾವ ವರ್ಷ ಎಂದೆ. 1882ರಿಂದೀಚೆಗೆ. ನಕ್ಕುಬಿಟ್ಟೆ. ಕ್ಷಾಮದ ನಂತರ ಖರ್ಚು ಕಡಿಮೆ ಮಾಡಲು ಚಿತ್ರದುರ್ಗ ಜಿಲ್ಲೆಯನ್ನೇ ರದ್ದು ಮಾಡಿ ತುಮಕೂರಿಗೆ ಸೇರಿಸಿದ್ದರು. 1886ರಲ್ಲಿ ಮತ್ತೆ ಬಿಡಿಸಿದರು. ಏರಿದ್ದು ಪ್ರಭಾವ ಅಲ್ಲ, ಗಡಿ. ಅದಕ್ಕೂ ಹಿಂದಕ್ಕೆ ಹೋದರೆ ಆಟ ತಿರುವುಮುರುವು. 1863ರಲ್ಲಿ ಜಿಲ್ಲೆಗಳನ್ನು ಹೊಸದಾಗಿ ಮಾಡುವ ಮುಂಚೆ ತುಮಕೂರಿನ ಕಾಗದಗಳೆಲ್ಲ ಚಿತ್ರದುರ್ಗ ವಿಭಾಗದ ಹೆಸರಿನಲ್ಲಿವೆ, ಆ ವಿಭಾಗದ ಅಧಿಕಾರಿ ಕೂರುತ್ತಿದ್ದದ್ದು ಮಾತ್ರ ತುಮಕೂರಿನಲ್ಲಿ. ಹಳೆಯ ಇಂಗ್ಲಿಷ್ ಬರಹದಲ್ಲಿ ಊರಿನ ಕಾಗುಣಿತವೇ ಬೇರೆ, ‘ಟೂಮ್‌ಕೂರ್’. ಅದೇ ಕಟ್ಟಡದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ಕಡತದ ರುಮಾಲು ಬಿಚ್ಚಿಸುವ ಮುಂಚೆ, ನಮ್ಮ ಊರು ಆ ವರ್ಷ ಯಾರ ಮನೆಯಲ್ಲಿತ್ತು, ಯಾವ ಹೆಸರಲ್ಲಿ ಇತ್ತು ಎಂದು ಕೇಳಿಕೊಳ್ಳದಿದ್ದರೆ ಇಡೀ ದಿನ ವ್ಯರ್ಥ.

ಈ ಹಂತದಲ್ಲಿ ವಿಧಾನಸೌಧದಲ್ಲಿ ನಮ್ಮ ದಾರಿ ಮುಗಿಯಿತು. ಮೈಸೂರು ಸಂಸ್ಥಾನದ ರೈಲ್ವೆ 1950ರಲ್ಲಿ ಭಾರತೀಯ ರೈಲ್ವೆಗೆ ಸೇರಿತು. ಸಂವಿಧಾನದ ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 22ನೆಯ ನಮೂದು ರೈಲ್ವೆ. ಅಲ್ಲಿಂದ ಮುಂದೆ ಕುಣಿಗಲ್ಲಿನ ರೈಲನ್ನು ಮಂಜೂರು ಮಾಡುವವರು, ಅದಕ್ಕೆ ಉತ್ತರ ಕೊಡಬೇಕಾದವರು ದೆಹಲಿಯಲ್ಲಿ. ಪ್ರಶ್ನೆಯೇ ಸದನ ಬದಲಿಸಿದ ಮೇಲೆ ಅದನ್ನು ಬೆನ್ನಟ್ಟಿದವರೂ ಬದಲಿಸಬೇಕು.

ಸಂಸತ್ತಿನ ಗ್ರಂಥಾಲಯ 1921ರಷ್ಟು ಹಳೆಯದು. ರಾಜ್ ರೇವಾಲ್ ವಿನ್ಯಾಸ ಮಾಡಿದ ಅದರ ಕಟ್ಟಡ 2002ರಲ್ಲಿ ತೆರೆಯಿತು. ಸದಸ್ಯರು ಏನಾದರೂ ಕೇಳಿದರೆ ಹುಡುಕಿಕೊಡಲೆಂದೇ ಅಲ್ಲಿ ಸಿಬ್ಬಂದಿ ಇದ್ದಾರೆ. ನಮಗೆ ಅಲ್ಲಿಗೆ ಹೋಗುವ ಖರ್ಚಿಲ್ಲ. ಆದರೆ ಚರ್ಚೆಗಳು, ಪ್ರಶ್ನೋತ್ತರಗಳು, ರೈಲ್ವೆ ಬಜೆಟ್ ಭಾಷಣಗಳು ಈಗ ಕಂಪ್ಯೂಟರಿಗೆ ಬಂದಿವೆ. ತುಮಕೂರಿನ ಲ್ಯಾಬಿನಲ್ಲಿ ಕರೆಂಟು ಇದ್ದಷ್ಟು ಹೊತ್ತು ಹುಡುಗ ಅಲ್ಲೇ, ಹೋದರೆ ಮೊಬೈಲಿನಲ್ಲಿ. ಕಾಗದದ ಪುಡಿ ಮೂಗಿಗೆ ಹೋಗದ ಸಂಶೋಧನೆ ನನಗೆ ಸ್ವಲ್ಪ ಸಪ್ಪೆಯೇ. ಅವನಿಗೆ ಹಾಗನ್ನಿಸಲಿಲ್ಲ.

ಲೋಕಸಭೆಯ ಪ್ರಶ್ನೆ ಓದುವುದೂ ಕಲಿಯಬೇಕಾದ ವಿದ್ಯೆ. ದಿನಕ್ಕೆ ಚುಕ್ಕೆ ಗುರುತಿನ ಪ್ರಶ್ನೆ 20, ಚುಕ್ಕೆ ಇಲ್ಲದ್ದು 230. ಚುಕ್ಕೆ ಇದ್ದದ್ದಕ್ಕೆ ಮಂತ್ರಿ ಎದ್ದುನಿಂತು ಉತ್ತರಿಸಬೇಕು, ಉಪಪ್ರಶ್ನೆಗೂ ಬಾಯಿಬಿಡಬೇಕು. ಚುಕ್ಕೆ ಇಲ್ಲದ್ದಕ್ಕೆ ಬರೆದ ಉತ್ತರ ಬರುತ್ತದೆ. ಹುಡುಗರು ಮೊದಲನೆಯದರ ಗದ್ದಲಕ್ಕೆ ಮರುಳಾಗುತ್ತಾರೆ, ಸರಕು ಇರುವುದು ಎರಡನೆಯದರಲ್ಲಿ. ಅದರಲ್ಲೂ ಉತ್ತರದ ಮೈಯಲ್ಲಲ್ಲ, ಬಾಲದಲ್ಲಿ. “ಹೇಳಿಕೆಯನ್ನು ಸದನದ ಮುಂದೆ ಇಡಲಾಗಿದೆ” ಎಂಬ ಒಣ ಸಾಲಿನ ಕೆಳಗೆ ಅನುಬಂಧದ ಕೋಷ್ಟಕ ಇರುತ್ತದೆ. ಯಾವ ಯೋಜನೆ, ಎಷ್ಟು ಕಿಲೋಮೀಟರು, ಎಷ್ಟು ಖರ್ಚಾಯಿತು ಎಲ್ಲ ಅಲ್ಲಿ. “ಮಾಹಿತಿ ಸಂಗ್ರಹಿಸಲಾಗುತ್ತಿದೆ” ಎಂದಿದ್ದರೆ ಕಥೆ ಮುಗಿಯಿತು ಅಂದುಕೊಳ್ಳಬಾರದು. ಅದು ಸದನಕ್ಕೆ ಕೊಟ್ಟ ಭರವಸೆ ಎಂದು ದಾಖಲಾಗಿ, ಸರ್ಕಾರಿ ಭರವಸೆಗಳ ಸಮಿತಿಯ ಕಡೆ ಹೊರಳುತ್ತದೆ. ಬೆನ್ನು ಹತ್ತಬೇಕು.

ಹುಡುಗ ತುಮಕೂರು ಕ್ಷೇತ್ರದ ಸಂಸದರು ಕೇಳಿದ ಪ್ರಶ್ನೆಗಳಿಂದ ಶುರು ಮಾಡಿದ. ಅದು ಎರಡು ಕಡೆ ಕೈಕೊಟ್ಟಿತು. 1991ರಲ್ಲಿ ಇಲ್ಲಿಂದ ಗೆದ್ದ ಎಸ್. ಮಲ್ಲಿಕಾರ್ಜುನಯ್ಯ 1996ರ ತನಕ ಲೋಕಸಭೆಯ ಉಪಸಭಾಧ್ಯಕ್ಷರಾಗಿದ್ದರು. ಪೀಠದಲ್ಲಿ ಕೂತವರ ಮಾತು ನಡವಳಿಯಲ್ಲಿ ಅಚ್ಚಾಗುವುದು ಹುದ್ದೆಯ ಹೆಸರಲ್ಲಿ. ಅವರ ಹೆಸರು ಟೈಪು ಮಾಡಿ ಹುಡುಕಿದರೆ ಸಾವಿರ ಸಲ “ಮಾನ್ಯ ಸದಸ್ಯರು ಕುಳಿತುಕೊಳ್ಳಬೇಕು” ಎಂದವರು ಸಿಗುವುದೇ ಇಲ್ಲ. ಇನ್ನೊಂದು ಕಡೆ, 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಕುಣಿಗಲ್ಲು ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರಕ್ಕೆ ಹೋಯಿತು, ಗುಬ್ಬಿ ತುಮಕೂರಿನಲ್ಲೇ ಉಳಿಯಿತು. ಹುಲಿಯೂರುದುರ್ಗ ಎಂಬ ವಿಧಾನಸಭಾ ಕ್ಷೇತ್ರವೇ ಇಲ್ಲವಾಯಿತು. ಜಿಲ್ಲೆ ತುಮಕೂರು, ಸಂಸದರು ಬೆಂಗಳೂರು ಗ್ರಾಮಾಂತರದವರು. 2009ರ ನಂತರ ತುಮಕೂರು ಎಂದು ಹುಡುಕುವವನ ಬಲೆಗೆ ಕುಣಿಗಲ್ಲು ಬೀಳುವುದೇ ಇಲ್ಲ. (ಈಗ ಇನ್ನೊಂದು ತಮಾಷೆ. 2024ರಲ್ಲಿ ತುಮಕೂರಿನಿಂದ ಗೆದ್ದ ವಿ. ಸೋಮಣ್ಣನವರು ರೈಲ್ವೆ ರಾಜ್ಯ ಸಚಿವರು. ಮಂತ್ರಿಯಾದವರು ಪ್ರಶ್ನೆ ಕೇಳುವ ಪಟ್ಟಿಯಲ್ಲಿರುವುದಿಲ್ಲ, ಉತ್ತರದ ಕೆಳಗೆ ಇರುತ್ತಾರೆ. ಮುಂದೆ ಯಾರಾದರೂ ಈ ಕಾಲವನ್ನು ಹುಡುಕುವಾಗ ತುಮಕೂರು ಐದು ವರ್ಷ ಮೂಕವಾಗಿತ್ತು ಎಂದು ಬರೆಯದಿದ್ದರೆ ಸಾಕು.)

ಕೊನೆಗೆ ಸಿಕ್ಕಿದ್ದು 1996–97ರ ರೈಲ್ವೆ ಬಜೆಟ್ಟಿನಲ್ಲಿ: ಹಾಸನ–ಬೆಂಗಳೂರು ಹೊಸ ಮಾರ್ಗ, ಶ್ರವಣಬೆಳಗೊಳದ ಮೇಲೆ. ಸುಮಾರು 166 ಕಿಲೋಮೀಟರು. ಯೋಜನೆಯ ಹೆಸರಿನಲ್ಲಿ ಮೂರು ಊರುಗಳಿವೆ. ಕುಣಿಗಲ್ಲು ಇಲ್ಲ.

“ದೇವೇಗೌಡ್ರು ಪ್ರಧಾನಿ ಆದ ವರ್ಷ ಮೇಡಂ! ಹಾಸನದವರು!” ಎಂದು ಹುಡುಗ ಮಧ್ಯಾಹ್ನದ ಹೊತ್ತಿನಲ್ಲಿ ಫೋನು ಮಾಡಿದ. ಹುಡುಗಿಗೆ ನಾಟಕ ಕಂಪನಿಯ ವಿಷಯದಲ್ಲಿ ಹೇಳಿದ್ದನ್ನೇ ಇವನಿಗೂ ಹೇಳಬೇಕಿತ್ತು. ಹೇಳಿದೆ, ಒಂದೇ ವರ್ಷ ಎಂಬುದು ಸಾಕ್ಷಿಯಲ್ಲ ಎಂದೆ. ಆದರೆ ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ. ಈ ಸಲ ಕಾಕತಾಳೀಯ ಎನ್ನಲೂ ನಾಲಿಗೆ ಏಳಲಿಲ್ಲ. ಎರಡು ವಾಕ್ಯ ಅಕ್ಕಪಕ್ಕ ಇರಲಿ, ಓದುವವರು ದಡ್ಡರಲ್ಲ ಎಂದು ಫೋನಿಟ್ಟೆ.

ಮಂಜೂರಿಯಿಂದ ರೈಲಿನ ತನಕ ಮತ್ತೆ ಇಪ್ಪತ್ತು ವರ್ಷ. ಆ ಇಪ್ಪತ್ತು ವರ್ಷ ಇರುವುದು ಬಜೆಟ್ಟಿನ ಜೊತೆ ಬರುವ ‘ಪಿಂಕ್ ಬುಕ್’ನಲ್ಲಿ. ಯಾವ ಕಾಮಗಾರಿಗೆ ಆ ವರ್ಷ ಎಷ್ಟು ದುಡ್ಡು ಎಂಬ ಪಟ್ಟಿ. ಅದರಲ್ಲಿ ಕಥೆಯಿಲ್ಲ, ಸಂಖ್ಯೆ ಮಾತ್ರ. ವರ್ಷವರ್ಷವೂ ಒಂದೇ ಸಾಲನ್ನು ಬೆರಳಿಟ್ಟು ಹಿಂಬಾಲಿಸಿದರೆ ಯಾವ ವರ್ಷ ಕೆಲಸ ಉಸಿರಾಡಿತು, ಯಾವ ವರ್ಷ ಉಸಿರು ಕಟ್ಟಿತು ಎಂದು ತಿಳಿಯುತ್ತದೆ. ಹಾಸನ–ಶ್ರವಣಬೆಳಗೊಳದ ತುಂಡು 2006ರ ಮಹಾಮಸ್ತಕಾಭಿಷೇಕದ ಹೊತ್ತಿಗೆ ಸಿದ್ಧವಾಯಿತು. ದೇವರ ಕಾರ್ಯಕ್ಕೆ ಗಡುವು ಇರುತ್ತದೆ. ಅಲ್ಲಿಂದ ನೆಲಮಂಗಲದ ತನಕದ ತುಂಡಿಗೆ, ಅಂದರೆ ಕುಣಿಗಲ್ಲು ಇರುವ ತುಂಡಿಗೆ, ಯಾವ ಅಭಿಷೇಕದ ಗಡುವೂ ಇರಲಿಲ್ಲ. ಅದು ಮುಗಿದು ಯಶವಂತಪುರ–ಹಾಸನ ರೈಲು ಓಡಿದ್ದು 2017ರ ಮಾರ್ಚ್‌ನಲ್ಲಿ. ಹಸಿರು ನಿಶಾನೆ ತೋರಿಸಿದವರು ರೈಲ್ವೆ ಸಚಿವ ಸುರೇಶ್ ಪ್ರಭು. 1924ರಿಂದ ಬೇರೆಯಾಗಿಯೇ ಮಂಡನೆಯಾಗುತ್ತಿದ್ದ ರೈಲ್ವೆ ಬಜೆಟ್ಟು ಸಾಮಾನ್ಯ ಬಜೆಟ್ಟಿನಲ್ಲಿ ಲೀನವಾದದ್ದು ಅದೇ ವರ್ಷದ ಫೆಬ್ರವರಿಯಲ್ಲಿ. ಕುಣಿಗಲ್ಲಿಗೆ ರೈಲು ಬರುವ ಹೊತ್ತಿಗೆ ರೈಲ್ವೆ ಬಜೆಟ್ಟೇ ನಿಲ್ದಾಣ ಬಿಟ್ಟಿತ್ತು.

ನಡುವಿನ ಊರುಗಳ ಹೆಸರು ಎಲ್ಲೂ ಇಲ್ಲವೇ? ಇವೆ. ಅವು ಸಂಸತ್ತಿನಲ್ಲಿಲ್ಲ, ರಾಜ್ಯಪತ್ರದಲ್ಲಿವೆ. ಹಳಿಗೆ ಜಮೀನು ಬೇಕು, ಜಮೀನಿಗೆ ಅಧಿಸೂಚನೆ ಬೇಕು. 1894ರ ಭೂಸ್ವಾಧೀನ ಕಾಯ್ದೆ 2013ರ ಕೊನೆಯ ತನಕ ಜಾರಿಯಲ್ಲಿತ್ತು. ಅದರ ಅಧಿಸೂಚನೆಗಳಲ್ಲಿ ಗ್ರಾಮ, ಸರ್ವೆ ನಂಬರು, ಎಕರೆ, ಗುಂಟೆ ಎಲ್ಲ ಇರುತ್ತವೆ. ದೆಹಲಿಯ ಕೋಷ್ಟಕದಲ್ಲಿ ಒಂದು ಸಾಲಾಗಿದ್ದ ಯೋಜನೆ ಇಲ್ಲಿ ಪುಟಗಟ್ಟಲೆ ಹೊಲವಾಗುತ್ತದೆ. ಹುಡುಗ ಇಲ್ಲಿಗೆ ಬಂದ ಮೇಲೆ ಬೇರೆಯೇ ಮನುಷ್ಯನಾದ. ಒಂದೊಂದು ಗ್ರಾಮದ ಹೆಸರೂ ಅವನಿಗೆ ಗೊತ್ತು, ಯಾವ ಊರಿಗೆ ಅಕ್ಕನನ್ನು ಕೊಟ್ಟಿದೆ, ಯಾವ ಊರಿನ ಜಾತ್ರೆಗೆ ನಡೆದು ಹೋಗುತ್ತಿದ್ದ, ಎಲ್ಲ. ಖಾತೆದಾರರ ಹೆಸರುಗಳನ್ನೂ ಪ್ರಬಂಧಕ್ಕೆ ಹಾಕುತ್ತೇನೆ ಎಂದ. ಬೇಡ ಎಂದೆ, ಸರ್ವೆ ನಂಬರು ಸಾಕು. ರಾಜ್ಯಪತ್ರದಲ್ಲಿ ಅಚ್ಚಾದದ್ದೇ ಅಲ್ಲವಾ ಎಂದು ವಾದಿಸಿದ. ಅಚ್ಚಾಗಿರಬಹುದು, ಆದರೆ ಅವರು ನಿನ್ನ ಪ್ರಬಂಧದಲ್ಲಿ ಇರಲು ಒಪ್ಪಿ ಜಮೀನು ಕೊಟ್ಟವರಲ್ಲ ಎಂದೆ. ಇದೊಂದು ವಿಷಯದಲ್ಲಿ ನಾನು ಗೈಡು ಎಂಬ ಅಧಿಕಾರ ಚಲಾಯಿಸಿದೆ. ಅವನು ಒಪ್ಪಿದನೋ ಸುಮ್ಮನಾದನೋ ತಿಳಿಯದು.

ವೈವಾದ ದಿನ ಬಂತು. ಬೇರೆ ವಿಶ್ವವಿದ್ಯಾಲಯದಿಂದ ಬಂದ ಪರೀಕ್ಷಕರು ಗುಬ್ಬಿಯ ಹುಡುಗಿಯನ್ನು ಮುಕ್ಕಾಲು ಗಂಟೆ ಕೂರಿಸಿದರು. ‘ಅಡವಿಟ್ಟರು’ ಎಂಬ ಮಾತಿಗೆ ತಕರಾರು ತೆಗೆದರು, ಅವಳು ಜಗ್ಗಲಿಲ್ಲ. ಮುಂದಿನ ಸರದಿ ಅವನದು. ಅವನಿಲ್ಲ. ಕರೆ ಮಾಡಿದರೆ ಸಿಗ್ನಲ್ಲಿಲ್ಲ. ಅರ್ಧ ಗಂಟೆ ಕಳೆಯಿತು. ಪರೀಕ್ಷಕರು ಗಡಿಯಾರ ನೋಡಿದರು, ನಾನು ಕಾಫಿ ತರಿಸಿದೆ. ಮತ್ತೆ ಅರ್ಧ ಗಂಟೆ. ಹಾಜರಿ ಪುಸ್ತಕದ ಹಳೆಯ ಸಿಟ್ಟೆಲ್ಲ ನೆತ್ತಿಗೆ ಏರುವ ಹೊತ್ತಿಗೆ ಬಾಗಿಲಲ್ಲಿ ಅದೇ ಏದುಸಿರು.

“ಬಸ್ಸು ಕೆಟ್ಟಿತ್ತೇನಪ್ಪ?” ಎಂದರು ಪರೀಕ್ಷಕರು.

“ಇಲ್ಲ ಸರ್. ಇವತ್ತು ರೈಲ್ನಲ್ಲಿ ಬಂದೆ.”

ಕುಣಿಗಲ್ಲಿನಿಂದ ತುಮಕೂರಿಗೆ ರೈಲಿಲ್ಲ ಎಂಬುದು ಆ ಕೋಣೆಯಲ್ಲಿ ನನಗಿಂತ ಚೆನ್ನಾಗಿ ಗೊತ್ತಿದ್ದವನು ಅವನೇ. ಜೇಬಿನಿಂದ ಎರಡು ಟಿಕೇಟು ತೆಗೆದು ಪ್ರಬಂಧದ ಪಕ್ಕ ಇಟ್ಟ. ಒಂದು ಕುಣಿಗಲ್ಲಿನಿಂದ ಯಶವಂತಪುರಕ್ಕೆ, 2017ರ ಹಳಿಯ ಮೇಲೆ. ಇನ್ನೊಂದು ಯಶವಂತಪುರದಿಂದ ತುಮಕೂರಿಗೆ, 1884ರ ಹಳಿಯ ಮೇಲೆ. 40 ಕಿಲೋಮೀಟರಿನ ಒಳಗಿನ ಬಸ್ಸಿನ ದಾರಿಯನ್ನು ಬಿಟ್ಟು, ಚಿಕ್ಕಬಾಣಾವರದಲ್ಲಿ ಕೂಡುವ ಎರಡು ಹಳಿಗಳನ್ನೂ ಮೆಟ್ಟಿ, ರಾಜಧಾನಿಯ ಬಾಗಿಲು ಮುಟ್ಟಿ ತನ್ನ ಜಿಲ್ಲಾ ಕೇಂದ್ರಕ್ಕೆ ಬಂದಿದ್ದ.

ಪರೀಕ್ಷಕರು ಟಿಕೇಟುಗಳನ್ನು ತಿರುಗಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಇದನ್ನ ಯಾವ ಅನುಬಂಧಕ್ಕೆ ಹಾಕಿದೀರಿ ಮೇಡಂ?” ಎಂದರು.